ಸಣ್ಣ ಹೆಗಲಿನ ಬಂದೂಕ

ವಾಡೇದ ಬಂದೂಕ ವರ್ಷಕ್ಕೊಮ್ಮಿ ನಮ್ಮ ಮನಿಗೆ ಬರ್ತಿತ್ತು,
ಖಂಡೇಪೂಜಿಗೆ ಎಂಟು ದಿನ ಮೊದಲ,
ಹಳೇ ಧೋತರದಾಗ ಸುತ್ತಿ, ಸೈಕಲ್ಲಿನ ನಡು ಪೈಪಿಗೆ ಕಟ್ಟಿ,
ಜಡ್ಡಾದ ಕೂಸಿನ್ಹಂಗ.

ಉಮದಿಯೊಳಗ ನಾವು ಸಿಕಲಗಾರರು.
ಕುಡಗೋಲು, ಈಳಿಗಿ, ಕುರಿ ಉಣ್ಣಿ ಕತ್ತರಿಸೂ ಕತ್ರಿ,
ಇಷ್ಟಕ್ಕ ತಿರುಗತಿತ್ತು ನಮ್ಮ ಸಾಣಿಕಲ್ಲ.
ಬಂದೂಕ ಬಂದ ದಿನ ಮಾತ್ರ
ಅಬ್ಬಾ ಟೊಪಿಗಿ ಝಾಡಿಸಿ ಹಾಕ್ಕೋತಿದ್ದ.

ಒಂಟಿ ಗುಂಡಿಂದು. ಒಂದ ಹಾಕು, ಒಂದ ಹೊಡಿ,
ಮತ್ತ ಬೋಲ್ಟ ಜಗ್ಗು.
ವಿಲಾಯತಿಯೊಳಗ ಯಾವನೋ ಬಡಿಗ
ಹನ್ನೆರಡು ವರ್ಷದ ಹುಡುಗನ ಹೆಗಲ ಅಳತಿ ಹಿಡದು
ಅಕ್ರೋಡ ಕಟಿಗಿ ಕೊರದಿದ್ದ.
ಆ ಹುಡುಗ ಈಗ ವಾಡೇದ ಧನಿ. ಬೊಕ್ಕಬಾಯಿ,
ಸಕ್ಕರಿ ಬ್ಯಾನಿ, ತೊಡಿಮ್ಯಾಲ ಬೆಕ್ಕು.
ಬಂದೂಕಕ್ಕ ಇನ್ನೂ ಹನ್ನೆರಡ.

ಅದಕ್ಕ ನಾ ಬೇಕಾಗಿದ್ದೆ.
ಅಬ್ಬಾನ ಗದ್ದ ಅದರ ಹಿಡಿಕಿಗೆ ಕೂಡ್ತಿದ್ದಿಲ್ಲ.
ಅಣ್ಣ ಲಾಡ್ಲೇಸಾಬ ಎಡಗಣ್ಣ ಮುಚ್ಚಿದರ
ಬಲಗಣ್ಣೂ ಮುಚ್ಚಿ ಹೋಗತಿತ್ತು.
ಎರಡು ಕಾಡತೂಸ ಕಳಸತಿದ್ದರು ಧನಿ.
ಒಂದು ಪೂಜಿಗೆ, ಒಂದು ಪರೀಕ್ಷಾಕ್ಕ.
ಪರೀಕ್ಷಾದ್ದು ನಂದು.

ಹಳೇ ಖಡಿ ಖಣಿ. ಆಚಿ ದಂಡಿಗೆ
ಪಾಪಾಸಕಳ್ಳಿ ಎಲಿಮ್ಯಾಲ ಸುಣ್ಣದ ಬಟ್ಟು,
ನಲವತ್ತು ಹೆಜ್ಜಿ, ಅಬ್ಬಾನ ಹೆಜ್ಜಿ.
ಮನ್ಯಾಗ ದಖನಿ, ಸಾಲ್ಯಾಗ ಕನ್ನಡ, ಕಚೇರ್ಯಾಗ ಮರಾಠಿ ನಮಗ.
ನಿಶಾನಿ ಹಿಡಸೂವಾಗ ಅಬ್ಬಾ ಕನ್ನಡ ಮಾತಾಡ್ತಿದ್ದ, ಯಾಕೋ ಏನೋ:
“ಉಸಲಾ ಪೂರಾ ಹಿಡೀಬ್ಯಾಡ ಜೈತುನಾ.
ಅರ್ಧಾ ಬಿಡು. ಅರ್ಧಾ ನಿನ್ನ ಹತ್ರ ಇರ್ಲಿ.
ಕುದರಿ ಎಳೀಬ್ಯಾಡ,
ನಿಂಬಿಹಣ್ಣ ಹಿಂಡಿದಂಗ ಹಿಂಡು.”

ಸಪ್ಪಳ ಏನ ದೊಡ್ಡದಲ್ಲ, ಒಣ ಟೊಂಗಿ ಮುರದಂಗ.
ಆಮ್ಯಾಲ ಖಣಿ ಅದನ್ನ ಮೂರ ಸಲ ಹೇಳತಿತ್ತು.
ಕಳ್ಳಿ ಎಲಿ ತೂತಿನಿಂದ ಲೋಳಿ ಇಳೀತಿತ್ತು, ಸಾವಕಾಶ.
ಖಾಲಿ ಕಾಡತೂಸ ನನ್ನ ಕೂಲಿ.
ತುಟಿಗೆ ಹಚ್ಚಿ ಊದಿದರ ಸೀಟಿ.

ಮೂರನೇ ವರ್ಷ ಮೋಸ ಮಾಡಿದೆ.
ಸುಣ್ಣದ ಬಟ್ಟಿನ ಬಾಜೂಕ ಕೌಜಗ ಒಂದು
ಮಣ್ಣ ಕೆದರಿಕೋತ ನಿಂತಿತ್ತು.
ಅರ್ಧಾ ಉಸಲಾ ಬಿಟ್ಟೆ. ನಳಿಗಿ ಎರಡ ಬೆರಳ ಸರಸಿದೆ.
ಅಬ್ಬಾ ಬೈಲಿಲ್ಲ.
ಹೋಗಿ ಎತ್ತಿಕೊಂಡ ಬಂದು ನನ್ನ ಲಂಗದಾಗ ಇಟ್ಟ.
ನಳಿಗಿಗಿಂತ ಬಿಸಿ ಇತ್ತು.
“ತೂಕ ನೋಡು” ಅಂದ.
ಹಲಾಲ ಆಗಿಲ್ಲ, ತಿನ್ನೂ ಹಂಗಿಲ್ಲ.
ಅಲ್ಲೇ ಹೂಳಿದಿವಿ, ಇಬ್ಬರೂ ಕಲ್ಲಿಲೆ ತೆಗ್ಗ ತೋಡಿ.
ಹೊತ್ತ ಮುಳಗೂತನಕ ಹಿಡೀತು. ನೆಲ ಬಿರಸಿತ್ತು.

ಮುಂದಿನ ವರ್ಷ ಹೆಗಲ ಕೂಡಲಿಲ್ಲ.
ಗೋಣ ಬಗ್ಗಿಸಿದರ ಕಣ್ಣ ತಪ್ಪತಿತ್ತು, ಕಣ್ಣ ಕೂಡಿದರ ಮೊಣಕೈ.
ಅಬ್ಬಾ ನನ್ನ ನೋಡಿದ, ಓಣಿ ಕಡೆ ನೋಡಿದ,
ಅಮ್ಮಾಗ ಏನೋ ದಖನಿಯೊಳಗ ಅಂದ.
ಎರಡ ಚಳಿಗಾಲ ಕಳದು ಅಕ್ಕಲಕೋಟದ ಸಂಬಂಧ ಬಂತು.

ಎಲೆಕ್ಷನ್ ಬಂತು, ಬಂದೂಕ ಠಾಣೇಕ್ಕ ಜಮಾ ಆತು.
ಅದು ಅಲ್ಲಿರೂವಾಗನ ಧನಿ ಹೋದರು.
ಮಗಾ ಅಂದ, ಲೈಸೆನ್ಸ ಬ್ಯಾಡ,
ಗ್ವಾಡಿಗೆ ತೂಗಹಾಕಿದರ ಸಾಕು.
“ಹಂಗಾದ್ರ ಜೀಂವಾ ತಗಸ್ರಿ” ಅಂದರು ಫೌಜದಾರ.
ಅಬ್ಬಾ ತಗದ:
ಬೆರಳ ಗೆಣ್ಣಿನಷ್ಟು ಉಕ್ಕಿನ ಪಿನ್ನು,
ಒಂದು ಕಾಲಕ್ಕ ತಾನ ಸೈಕಲ್ಲಿನ ಕಡ್ಡಿ ಸಾಣಿ ಹಿಡದು ಮಾಡಿದ್ದ.
ರಮಜಾನಕ್ಕ ತವರಿಗೆ ಹೋದಾಗ ಅಂಗೈಯಾಗ ಇಟ್ಟ.
ನಾ ಕೇಳಲಿಲ್ಲ, ಅಂವಾ ಹೇಳಲಿಲ್ಲ.

ನಲವತ್ತು ವರ್ಷ ಆತು. ಪಿನ್ನು ಐತಿ.
ಸ್ಟೋವಿನ ಬಾಯಿ ಕಟ್ಟಿದಾಗ ಚುಚ್ಚೀನಿ,
ಮಕ್ಕಳ ಚಪ್ಪಲಿ ಬಾರಿಗೆ ತೂತ ಹಾಕೀನಿ,
ಕೌದಿಯ ದಪ್ಪ ಮಡಿಕಿಯೊಳಗ
ಸೂಜಿಗೆ ಹಾದಿ ಮಾಡಿ ಕೊಟ್ಟೀನಿ.
ದಾರ ಪೋಣಸೂವಾಗ ಈಗೂ ಅರ್ಧಾ ಬಿಡತೀನಿ.
ಬಂದೂಕ ವಾಡೇದ ಗ್ವಾಡಿಮ್ಯಾಲ ಐತಂತ,
ಬಂದ ಮಂದಿ ಅದರ ಮುಂದ ಪೋಟೋ ತಗಸ್ಕೋತಾರಂತ.

ನಿನ್ನಿ ಮೊಮ್ಮಗಳು ಡಬ್ಬಿ ಕೆದರಿ ಎತ್ತಿ ಹಿಡದಳು:
ಇದೇನ ನಾನಿ?
ಸ್ಟೋವಿನ ಪಿನ್ನ ಅಂದೆ.
ಸುಳ್ಳೇನಲ್ಲ.